ಎಡ ತಿರುವು

ಕಮಲಾಪುರ ದಾಟಿದ ಮೇಲಿನ ಮೊದಲ ಎಡ ತಿರುವಿನಲ್ಲೇ ಚಂದ್ರಶಾನ ಬೈಕು ಮತ್ತೆ ಬಲಕ್ಕೆ ಜಾರಿತು. ಎದುರಿನಿಂದ ಬಂದ ಲಾರಿ ಉದ್ದಕ್ಕೂ ಹಾರ್ನ್ ಹೊಡೆಯುತ್ತ ಕೂದಲೆಳೆಯ ಅಂತರದಲ್ಲಿ ಹಾದುಹೋಯಿತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಮೆಕ್ಯಾನಿಕ್ ಇಮಾಮುದ್ದೀನ್ "ಯಾ ಅಲ್ಲಾ!" ಎಂದು ಕೂಗಿಯೇಬಿಟ್ಟ.

ರಸ್ತೆ ಬದಿಯ ಬಾಳೆಹಣ್ಣಿನ ಅಂಗಡಿಯ ಮುಂದೆ ಬೈಕು ನಿಂತಿತು. ಚಂದ್ರಶಾನ ಹೆಂಡತಿ ಕಸ್ತೂರಿ ಹಿಂದಿನ ಸೀಟಿನಿಂದ ಇಳಿದಳು. ಚಂದ್ರಶಾ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ.

"ನೋಡಿದ್ರಿಲ್ಲ ಇಮಾಮಭಾಯ್? ಇದೇ ನಾ ಹೇಳಿದ್ದು. ಒಬ್ಬನೇ ಹೋದ್ರ ಗಾಡಿ ಬೆಣ್ಣಿ ಹಂಗ ಹೋಗ್ತದ. ಈಕಿ ಹಿಂದ ಕೂತಳಂದ್ರ, ಎಡಕ್ಕ ತಿರುಗಂಗೇ ಇಲ್ಲ ಅಂತ ಹಠ ಹಿಡೀತದ. ಸೋಮವಾರ ಕೊಂಕಣಕ್ಕ ಹೊಂಟೀವಿ. ಘಾಟಿನಾಗ ಹಿಂಗ ಮಾಡಿದ್ರ ಏನ್ ಗತಿ?"

ನಂದೂರಿನ ಬೇಳೆ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿದ್ದ ಚಂದ್ರಶಾನಿಗೆ ವರ್ಷಕ್ಕೊಮ್ಮೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುವ ಈ ದೂರದ ಸವಾರಿಯೆಂದರೆ ಪ್ರಾಣ. ಒಂದು ತಿಂಗಳಿಂದ ಇಮಾಮುದ್ದೀನ್ ಕಲಬುರಗಿಯ ರೋಜಾ ಬಡಾವಣೆಯ ತನ್ನ ಗ್ಯಾರೇಜಿನಲ್ಲಿ ಆ ಬೈಕಿಗೆ ಮಾಡದ ಸೇವೆಯಿಲ್ಲ. ಟೈರು ಬದಲಿಸಿದ, ಹ್ಯಾಂಡಲಿನ ಬೇರಿಂಗ್ ಬದಲಿಸಿದ, ಇಬ್ಬರ ಭಾರ ತಡೆಯಲೆಂದು ಹಿಂದಿನ ಶಾಕ್‌ಅಬ್ಸಾರ್ಬರ್ ಬಿಗಿ ಮಾಡಿದ. ಊಹೂಂ, ಗುಣ ಕಾಣಲಿಲ್ಲ. ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುವುದೆಂದು ಸಿಟ್ಟು ಬಂದು, ಇವತ್ತು ಬೆಳಿಗ್ಗೆ "ನಡೀರಿ, ನಾನೇ ಹಿಂದ ಬಂದು ನೋಡ್ತೀನಿ" ಎಂದು ಹೊರಟಿದ್ದ.

ಈಗ ನೋಡಿದ್ದಂತೂ ಆಗಿತ್ತು. ಗಾಡಿಯ ದೋಷವಾದರೆ ಬಿಚ್ಚಿ ಕೈಗೆ ಕೊಡಬಹುದಿತ್ತು. ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಅವನು ಗಡ್ಡ ಕೆರೆದುಕೊಂಡ.

"ಗಾಡ್ಯಾಗ ಏನೂ ಇಲ್ಲ ಅಣ್ಣಾ. ವೈನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ತಿರುವು ಬಂತಂದ್ರ ಅಣ್ಣ ಎಡಕ್ಕ ವಾಲ್ತಾರ, ನೀವು ಬಲಕ್ಕ ಅರ್ಧ ಮೈ ಹೊರಗ ಹಾಕ್ತೀರಿ. ಗಾಡಿ ಪಾಪ, ಯಾರ ಮಾತು ಕೇಳಬೇಕು?"

ಚಂದ್ರಶಾ ಗಹಗಹಿಸಿ ನಕ್ಕ. "ಅಯ್ಯ ಇಕಿನ! ಇಪ್ಪತ್ತು ವರ್ಷದಿಂದ ಹಿಂದ ಕೂಡ್ತಿ, ಈಗ ಕೂಡೂದು ಮರ್ತಿಯೇನ? ಇನ್ನೂ ಹೆದರಿಕಿ ಅದೇನ?"

ಕಸ್ತೂರಿ ನಗಲಿಲ್ಲ. "ಹೆದರಿಕಿ ಅಲ್ರೀ. ಎದುರಿಗಿ ಏನ್ ಬರಾಕತ್ತದ ಅಂತ ಯಾರರ ನೋಡಬೇಕಲ್ಲ."

"ಮತ್ತ ನಾ ನೋಡಂಗಿಲ್ಲೇನು?"

"ನೋಡ್ತೀರಿ. ಬರೇ ಎಡಗಣ್ಣಿಲೆ."

ಚಂದ್ರಶಾನ ನಗು ಅಲ್ಲೇ ನಿಂತಿತು. "ಅದು ಗಿರಣಿ ಧೂಳು... ನಾಕು ದಿನದಾಗ ಹೋಗ್ತದ..." ಎಂದು ಏನೋ ಹೇಳಲು ಹೋದವನಿಗೆ ತನ್ನ ಸುಳ್ಳಿಗೇ ನಾಚಿಕೆಯಾಯಿತು. ತಲೆ ತಗ್ಗಿಸಿ, "ನಿನಗ ಯಾವಾಗಿಂದ ಗೊತ್ತದ?" ಎಂದು ಕೇಳಿದ.

"ಉಗಾದಿಯಿಂದ. ತಾಟಿನ ಬಲಕ್ಕ ಬಡಿಸಿದ ಪಲ್ಯ ಹಂಗೇ ಉಳೀತಿತ್ತು. ಎಡಕ್ಕ ಬಡಿಸಾಕತ್ತಿದ ಮ್ಯಾಲೆ ಖಾಲಿ ಆಗಾಕತ್ತಿತು. ಬಾಯಿ ಬಿಟ್ಟು ಹೇಳಿದ್ರ ನೀವು ಗಾಡಿ ಬಿಡಬೇಕಾಗ್ತದ. ಗಾಡಿ ಬಿಟ್ಟು ಕುಂತ ನಿಮ್ಮ ಮಾರಿ ನೋಡೂದು ನನ್ನ ಕೈಲಿ ಆಗಂಗಿಲ್ಲ. ಅದಕ್ಕ ನಾನೇ ಬಗ್ಗಿ ನೋಡಿ, ಲಾರಿ ಬಂದ್ರ ನಿಮ್ಮ ಭುಜಾ ತಟ್ಟಾಕತ್ತೀನಿ."

ಇಮಾಮುದ್ದೀನನಿಗೆ ಪಾಪವೆನಿಸಿದರೂ ಬಾಯಿಂದ ಬಂದದ್ದು ಬೈಗುಳವೇ. "ತೌಬಾ ತೌಬಾ! ನೀವು ಬಲಕ್ಕ ಬಗ್ಗಿದಷ್ಟೂ ಗಾಡಿ ಲಾರಿ ಕಡೀಗೇ ಹೋಗ್ತದ ವೈನಿ, ಖಬರ್ ಅದೇನ್ ನಿಮಗ? ಒಬ್ಬರು ಕಣ್ಣು ಮುಚ್ಚಿಡ್ತೀರಿ, ಇನ್ನೊಬ್ಬರು ಬಾಯಿ ಮುಚ್ಚಿಡ್ತೀರಿ, ಟೈರ್ ಬದಲಿ ಮಾಡು ಅಂತ ನನ್ನ ಜೀವಾ ತಿಂತೀರಿ!"

ಕಸ್ತೂರಿಗೆ ಖಬರ್ ಇರಲಿಲ್ಲ. ಇಷ್ಟು ದಿನ ಗಂಡನನ್ನು ಕಾಯುತ್ತಿದ್ದೇನೆ ಎಂದುಕೊಂಡವಳು ಅಂಗಡಿಯ ಬೆಂಚಿನ ಮೇಲೆ ಕುಸಿದು ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಚಂದ್ರಶಾ ಅವಳ ಪಕ್ಕದಲ್ಲಿ ಕುಳಿತ. "ತಪ್ಪು ನಂದೇ ಅದ. ನಿನಗ ಹೇಳಿದ್ರ ನೀ ಮನ್ಯಾಗ ಕೂಡಸ್ತಿ ಅಂತ ಹೆದರಿದ್ದೆ" ಎಂದ.

ಅವಳ ಅಳು ನಿಂತ ಮೇಲೆ ಚಂದ್ರಶಾ ತಾನಾಗಿಯೇ ಎದ್ದು ಬೈಕಿನ ಚಾವಿಯನ್ನು ಇಮಾಮುದ್ದೀನನ ಕೈಗಿಟ್ಟ. "ಇದು ನಿಮ್ಮ ಹತ್ರ ಇರಲಿ. ಸೋಮವಾರ ಕಣ್ಣಿನ ದವಾಖಾನಿಗಿ ಹೋಗ್ತೀವಿ."

"ಮೋತಿಬಿಂದಿನ ಪೊರಿ ಇದ್ರ ಆಪರೇಷನ್ ಮಾಡಿ ತಗೀತಾರ ಅಣ್ಣಾ. ಕೊಂಕಣ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದ ಇಮಾಮುದ್ದೀನ್. ಈಗ ಅವನ ದನಿ ಮೆತ್ತಗಾಗಿತ್ತು. ಸ್ಕೂಟರನ್ನು ಬಾಳೆಹಣ್ಣಿನವಳಿಗೆ ನೋಡಿಕೊಳ್ಳಲು ಹೇಳಿ, ಚಂದ್ರಶಾನ ಬೈಕು ಹತ್ತಿ ಕಲಬುರಗಿಯತ್ತ ಹೊರಟ.

ಗಂಡ ಹೆಂಡತಿ ಹುಮನಾಬಾದ್ ಕಡೆಯಿಂದ ಬಂದ ಬಸ್ಸು ಹತ್ತಿದರು. ಡ್ರೈವರನ ಹಿಂದಿನ ಸೀಟೇ ಸಿಕ್ಕಿತು. ಚಂದ್ರಶಾ ಕಿಟಕಿಯ ಪಕ್ಕ ಕುಳಿತು, ಎಷ್ಟೋ ತಿಂಗಳ ಹೊರೆ ಇಳಿದವನಂತೆ ಕಣ್ಣು ಮುಚ್ಚಿದ. ಮೊದಲ ತಿರುವು ಬರುತ್ತಲೇ ಪಕ್ಕದಲ್ಲಿ ಏನೋ ಅಲುಗಿದಂತಾಗಿ ಕಣ್ಣು ಬಿಟ್ಟ. ಕಸ್ತೂರಿ ಸೀಟಿನಿಂದ ಅರ್ಧ ಎದ್ದು, ಡ್ರೈವರನ ಭುಜದ ಮೇಲಿಂದ ರಸ್ತೆ ನೋಡುತ್ತಿದ್ದಳು.

"ಏ, ಡ್ರೈವರ್ ಅದಾನಲ್ಲ. ನೀ ಆರಾಮ ಕೂಡು" ಎಂದು ಅವಳ ಕೈ ಹಿಡಿದು ಜಗ್ಗಿದ.

"ಸುಮ್ಮ ಕೂಡ್ರಿ," ಎಂದಳು ಕಸ್ತೂರಿ, ರಸ್ತೆಯಿಂದ ಕಣ್ಣು ತೆಗೆಯದೆ. "ಅಂವಾ ಹೆಂಡತಿ ಮುಂದ ಏನೇನ್ ಮುಚ್ಚಿಟ್ಟು ಬಂದಾನೋ, ಯಾರಿಗಿ ಗೊತ್ತು?"