ಹೊಸ ಮುಖದ ಪತ್ತೇದಾರ

ಕಟ್ಟಿದ ಬೀಡಿ ಕೊಟ್ಟು ಎಲೆ ತರುವ ಲಾಯಿಲದ ಬೀಡಿ ಬ್ರಾಂಚಿನ ಮುಂದೆ ಹೋದರೆ ಎಲೆಯ ವಾಸನೆಗೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ನಿಂತುಹೋಗಿದ್ದ ಪತ್ತೇದಾರಿ ಧಾರಾವಾಹಿ ಒಂದು ವರ್ಷದ ಮೇಲೆ ಮತ್ತೆ ಶುರುವಾಗಿತ್ತು. ಅಮ್ಮ ಟಿವಿ ಮುಂದೆ ಬೀಡಿ ಕಟ್ಟುತ್ತಿದ್ದಳು. ಆ ತಿಂಗಳಷ್ಟೇ ಅವಳನ್ನು ಮದುವೆಯಾದವನು ಪಕ್ಕದಲ್ಲಿ ಎಲೆ ಕತ್ತರಿಸುತ್ತಿದ್ದ. ಅವನನ್ನು ಅಪ್ಪ ಎಂದು ಕರೆಯಬೇಕೆಂದು ಅಮ್ಮ ಹೇಳಿದ್ದಳು. ನಾನು ಕರೆದಿರಲಿಲ್ಲ.

ಪತ್ತೇದಾರ ಬಂದ. ಅದೇ ಹೆಸರು, ಅದೇ ಕೋಟು, ಮುಖ ಮಾತ್ರ ಬೇರೆ.

“ಇದು ಮೋಸ! ಯಾರನ್ನೋ ತಂದು ಅದೇ ಹೆಸರಲ್ಲಿ ಕರೀರಿ ಅಂದ್ರೆ ಕರೀಲಿಕ್ಕೆ ಆಗ್ತದಾ?” ಎಂದು ಕಿರುಚಿದೆ.

“ಬಾಯಿ ಮುಚ್ಚು,” ಎಂದಳು ಅಮ್ಮ. ಅವಳ ಕೈಯ ನೂಲು ತುಂಡಾಯಿತು.

ಅವನು ಕತ್ತರಿ ಕೆಳಗಿಟ್ಟ. “ಅವ ಹೇಳುದು ಸರಿ ಉಂಟು ಮಾರಾಯ್ತಿ,” ಎಂದ. ನನ್ನ ಕಡೆ ತಿರುಗಿ, “ನನ್ನನ್ನು ಮಾವ ಅಂತ ಕರಿ ಮಗ, ಸಾಕು,” ಎಂದ.

ಜಗಳಕ್ಕೂ ಜಾಗ ಬಿಡದ ಅವನ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು.