ಕೋರ್ಟಿನ ವರಾಂಡದಲ್ಲಿ ಕೂಗಿದ ಹೆಸರು

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ... ದಯವಿಟ್ಟು ಪೂರ್ತಿ ಓದಿ.

ಮಕ್ಕಳ ಮೇಲಿನ ದೌರ್ಜನ್ಯದ ಕೇಸು ನಡೆಯುವ ಕೋರ್ಟಿನಲ್ಲಿ ನನ್ನ ಕೆಲಸ. ಸಾಕ್ಷಿ ಹೇಳಲು ಬರುವ ಮಗುವಿನ ಪಕ್ಕದಲ್ಲಿ ಧೈರ್ಯಕ್ಕೆ ಅಂತ ಕೂರುತ್ತೇನೆ.

ಕಳೆದ ತಿಂಗಳು ಒಬ್ಬಳು ಪುಟ್ಟ ಹುಡುಗಿ ಬಂದಿದ್ದಳು. ಐದನೇ ಕ್ಲಾಸು. ಹೆಸರು ಹೇಳುವುದಿಲ್ಲ... ಹೇಳಬಾರದು ಅಂತ ಕಾನೂನೇ ಇದೆ. ಪೇಪರಿನವರೂ ಬರೆಯುವ ಹಾಗಿಲ್ಲ.

ಆದರೆ ನಮ್ಮ ಕೋರ್ಟಿನಲ್ಲಿ ಏನಾಯಿತು ಗೊತ್ತಾ?

ಅಟೆಂಡರ್ ಗವಿಯಪ್ಪ ವರಾಂಡಕ್ಕೆ ಬಂದು ಅವಳ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಕೂಗಿದರು. ಆಸ್ತಿ ಜಗಳದವರನ್ನು, ಚೆಕ್ ಬೌನ್ಸ್‌ನವರನ್ನು ಹೇಗೆ ಮೂರು ಸಲ ಕೂಗುತ್ತಾರೋ ಹಾಗೇ.

ಅವರದು ತಪ್ಪಲ್ಲ. ಮೊದಲಿನಿಂದ ನಡೆದು ಬಂದ ಪದ್ಧತಿ. ಒಳಗೆ ಕೂತ ಯಾರೂ ಬೇಡ ಅನ್ನಲಿಲ್ಲ...

ಜಮೀನು ಕೇಸಿಗೆ ಬಂದಿದ್ದ ಅದೇ ಊರಿನ ಇಬ್ಬರು ತಿರುಗಿ ನೋಡಿದರು. ಮಗು ಅಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಂಡಿತು. ಒಳಗೆ ಬಂದರೂ ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ಮುಂದಿನ ಸೋಮವಾರಕ್ಕೆ ಡೇಟ್ ಬಿತ್ತು. ಅವತ್ತೂ ಅವಳು ಮಾತಾಡದಿದ್ದರೆ ಅವಳಿಗೆ ಕೇಡು ಮಾಡಿದ ಆ ಮನುಷ್ಯ ಕೈ ಬೀಸಿಕೊಂಡು ಮನೆಗೆ ಹೋಗುತ್ತಾನೆ... ಅವಳ ಬೀದಿಯಲ್ಲೇ ಇರುವ ಮನೆಗೆ.

ಅದಕ್ಕೆ ಮುಂಚಿನ ಶನಿವಾರ ನಮ್ಮ ಜಡ್ಜ್‌ಗಳಿಗೆ, ಸಿಬ್ಬಂದಿಗೆ ಕೋರ್ಟಿನಲ್ಲೇ ತರಬೇತಿ ಇತ್ತು. ವಿಷಯ, ಮಕ್ಕಳ ಸ್ನೇಹಿ ನ್ಯಾಯಾಲಯ.

ದೀಪ ಬೆಳಗಿದರು. ಹಾರ, ಶಾಲು, ಸ್ವಾಗತ ಭಾಷಣ. ಊಟಕ್ಕೆ ಹೋಳಿಗೆ ಇದೆ ಅಂತ ಅನೌನ್ಸ್ ಮಾಡಿದರು. ಮಕ್ಕಳ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ತರಬೇತಿ ಕೊಡಲು ಬಂದಿದ್ದವರು ಕಾತ್ಯಾಯಿನಿ ಮೇಡಂ, ನಿವೃತ್ತ ನ್ಯಾಯಾಧೀಶರು. ಟೀ ಬಿಡುವಿನಲ್ಲಿ ಅವರ ಹತ್ತಿರ ಹೋಗಿ ವರಾಂಡದಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಅರ್ಧ ಕುಡಿದ ಟೀ ಅಲ್ಲೇ ಇಟ್ಟರು.

ಬಿಡುವು ಮುಗಿದ ಮೇಲೆ ಅವರು ಪ್ರೊಜೆಕ್ಟರ್ ಆಫ್ ಮಾಡಿಸಿದರು. ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದ ನಮ್ಮ ಜಡ್ಜ್ ಸಾಹೇಬರನ್ನು ತೋರಿಸಿ ಗವಿಯಪ್ಪನವರಿಗೆ ಹೇಳಿದರು...

"ದಿನಾ ಕೂಗ್ತೀರಲ್ಲ, ಹಂಗೇ ಹೊರಗೆ ನಿಂತು ಸಾಹೇಬ್ರನ್ನ ಕೂಗಿ."

ಗವಿಯಪ್ಪ ಬೆವೆತುಹೋದರು. ಸಾಹೇಬರು ನಕ್ಕು "ಕೂಗಪ್ಪ, ಪರವಾಗಿಲ್ಲ" ಅಂದರು.

"ಸದಾನಂದ ಬಿನ್ ನಂಜುಂಡಯ್ಯ..." ಕೂಗು ಕಟ್ಟಡದ ಆ ತುದಿಗೆ ಕೇಳಿಸಿತು. ಹೊರಗಿದ್ದ ವಕೀಲರೆಲ್ಲ ಬಾಗಿಲಲ್ಲಿ ಇಣುಕಿದರು.

"ಬನ್ನಿ ಸರ್. ಇಲ್ಲಿ ನಿಂತ್ಕೊಳ್ಳಿ. ನಿಮ್ಮ ಮನೆಯವರ ಹತ್ರಾನೂ ಹೇಳ್ಕೊಂಡಿಲ್ಲದ, ನೆನೆಸಿಕೊಂಡ್ರೆ ಮೈ ನಡುಗೋ ಒಂದು ವಿಷಯ ಇರುತ್ತಲ್ಲ... ಅದನ್ನ ಇವರೆಲ್ಲರ ಮುಂದೆ ಹೇಳಿ. ಜೋರಾಗಿ."

ಸಾಹೇಬರ ನಗು ನಿಂತಿತು.

"ಏನ್ ಮೇಡಂ ಇದು... ಟ್ರೈನಿಂಗಾ, ಅವಮಾನ ಮಾಡೋದಾ?"

"ಅವಮಾನ ಅಂತ ನಿಮಗೆ ತಕ್ಷಣ ಗೊತ್ತಾಯ್ತು ಸರ್. ಮೊನ್ನೆ ನಿಮ್ಮ ವರಾಂಡದಲ್ಲಿ ಒಂದು ಮಗೂನ ಹೀಗೇ ಕೂಗಿಸಿದ್ರಲ್ಲ... ಅದಕ್ಕೆ ಗೊತ್ತಾಗಲ್ಲ ಅಂದ್ಕೊಂಡಿದ್ರಾ?"

ಸಾಹೇಬರು ತಲೆ ತಗ್ಗಿಸಿ ಕೂತರು. ಅವತ್ತು ಊಟಕ್ಕೂ ನಿಲ್ಲದೆ ಹೊರಟುಹೋದರು.

ಕೋಪ ಮಾಡಿಕೊಂಡರು, ಇನ್ನು ಆ ಮಗುವಿನ ಕಥೆ ಮುಗಿಯಿತು ಅಂದುಕೊಂಡೆ...

ಸೋಮವಾರ ಬೆಳಿಗ್ಗೆ ಅವರದೇ ಫೋನ್ ಬಂತು. "ಹಿಂದಿನ ಗೇಟಿಂದ ಕರ್ಕೊಂಡ್ ಬಾಮ್ಮ. ಯಾರೂ ಕೂಗಲ್ಲ."

ವರಾಂಡದಲ್ಲಿ ಯಾರೂ ಕೂಗಲಿಲ್ಲ. ಪಕ್ಕದ ಚಿಕ್ಕ ಕೋಣೆಯಲ್ಲಿ ನಾನು, ಮಗು, ಅವಳ ಅಮ್ಮ. ಸಾಹೇಬರು ಕರಿ ಕೋಟು ಬಿಚ್ಚಿಟ್ಟು ಬಂದು ಬಾಗಿಲಲ್ಲೇ ನಿಂತು ಮೆತ್ತಗೆ ಅವಳ ಹೆಸರು ಹಿಡಿದು ಕರೆದರು.

ಅವಳು ಕತ್ತೆತ್ತಲೇ ಇಲ್ಲ.

ಅಮ್ಮ ಕೈ ಮುಗಿದಳು. "ಬೇಜಾರ್ ಮಾಡ್ಕಬೇಡಿ ಸ್ವಾಮಿ... ಅವತ್ತು ಇಲ್ಲಿ ಕೂಗುದ್ರಲ್ಲ, ಅವತ್ತಿಂದ ಹಿಂಗೇ. ಮನೇಲಿ ನಾವು ಕರುದ್ರೂ ಓ ಅನ್ನಕಿಲ್ಲ. ಇಸ್ಕೂಲಲ್ಲಿ ಹಾಜ್ರಿ ಕರುದ್ರೂ ಸುಮ್ಕೆ ಕೂತಿರ್ತಳಂತೆ."

ಸಾಹೇಬರ ಕಣ್ಣು ತುಂಬಿತ್ತು...

ಆಮೇಲೆ ಕೆಳಗೆ ಚಾಪೆಯ ಮೇಲೆ ಕೂತರು. "ನಮ್ಮಿಂದ ತಪ್ಪಾಯ್ತು ಮಗಳೇ. ನಿನ್ನನ್ನ ಹೆಂಗೆ ಕರೀಲಿ, ನೀನೇ ಹೇಳು."

ಅವಳು ಗೋಡೆ ನೋಡಿಕೊಂಡೇ ಹೇಳಿದಳು...

"ದೂರದಿಂದ ಬೇಡ... ಹತ್ರ ಬಂದು ಕರೀರಿ."

ಅವರು ಹತ್ತಿರ ಸರಿದರು. ನನಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕರೆದರು.

"ಓ..." ಅಂದಳು.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟಳು. ಮಗು ಅಳಲಿಲ್ಲ. ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿತು.

ಇಷ್ಟಾದರೂ ನನ್ನ ಸಿಟ್ಟು ಇಳಿದಿಲ್ಲ. ಹತ್ತಿರ ಹೋಗಿ ಕರೆಯುವುದಕ್ಕೂ ತರಬೇತಿ ಬೇಕಾಯಿತಲ್ಲ ನಮಗೆ... ಅದೂ ಆ ಮಗು ತನ್ನ ಹೆಸರನ್ನೇ ಬಿಟ್ಟುಕೊಟ್ಟ ಮೇಲೆ.

*ಮಗುವಿಗೆ ಸಿಗುವ ನ್ಯಾಯ ತೀರ್ಪಿನ ದಿನ ಶುರುವಾಗುವುದಿಲ್ಲ... ಆ ಮಗುವನ್ನು ನಾವು ಹೇಗೆ ಕರೆಯುತ್ತೇವೆ ಅನ್ನುವಲ್ಲೇ ಶುರುವಾಗುತ್ತದೆ.*

ನಿಮ್ಮ ಮನೆಯ ಮಗು ಏನೋ ಹೇಳಲಾರದೆ ಬಾಗಿಲ ಹಿಂದೆ ನಿಂತಾಗ, ನೀವು ಎದ್ದು ಹತ್ತಿರ ಹೋಗುತ್ತೀರಾ... ಅಥವಾ ನೆಂಟರ ಮುಂದೆಯೇ "ಏನಾಯ್ತು, ಜೋರಾಗಿ ಹೇಳು" ಅನ್ನುತ್ತೀರಾ?