ಸವೆದ ಟಿಪ್

ಚಂದ್ರಮತಿ ಬೆಸೆದ ತಗಡುಗಳ ನಡುವೆ ಉಳಿ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದಳು. ಬೆಸುಗೆ ಗಟ್ಟಿಯಾಗಿದ್ದರೆ ತಗಡೇ ಹರಿದು ತೂತಾಗಬೇಕಿತ್ತು. ಇದು ಹಲಸಿನ ತೊಳೆ ಬಿಡಿಸಿದಷ್ಟು ಸಲೀಸಾಗಿ ಎರಡಾಯಿತು.

ಬದನಗುಪ್ಪೆಯ ಫ್ಯಾಕ್ಟರಿಗೆ ಬಂದಿದ್ದ ಕಾರ್ ಕಂಪನಿಯವರು ಸೂಪರ್‌ವೈಸರ್ ದಿಲೀಪನತ್ತ ತಿರುಗಿದರು. ಅವರೆದುರು ಜಂಬದಿಂದ ಆ ಬೆಸುಗೆ ಹಾಕಿದ್ದವನು ಅವನೇ. ಅವನು ವೆಲ್ಡಿಂಗ್ ಗನ್ನಿನ ತುದಿಯ ತಾಮ್ರದ ಟಿಪ್ ಮುಟ್ಟಿ ನೋಡಿ ಕೂಗಿದ: "ಟಿಪ್ಪೇ ಸವ್ದೋಗದೆ! ಇದ್ರಲ್ಲಿ ಯಾರ್ ಒತ್ತುದ್ರೂ ವೆಲ್ಡಿಂಗ್ ನಿಲ್ಲಾಕಿಲ್ಲ ಕಣಮ್ಮಿ!"

ಬೆಳಿಗ್ಗೆ ಆ ಟಿಪ್ಪನ್ನು ಗನ್ನಿಗೆ ಹಾಕಿದ್ದು ಚಂದ್ರಮತಿಯೇ. ಬೆಸುಗೆ ಬಿಟ್ಟುಕೊಂಡಿದ್ದಕ್ಕೆ 'ಒತ್ತಾಕೇ ಬರಾಕಿಲ್ಲ ನಿಂಗೆ' ಎಂದು ದಿಲೀಪ ಅವಳ ಅಣ್ಣ ಸಾಗರನನ್ನು ಕೆಲಸದಿಂದ ಓಡಿಸಿದ ದಿನ, ಅಣ್ಣನ ಗನ್ನಿನಿಂದಲೇ ಬಿಚ್ಚಿ ಎತ್ತಿಟ್ಟಿದ್ದಳು.

"ಅದೇ ಮಾತ್ನ ಇನ್ನೊಂದ್ಸಲ ಜೋರಾಗಿ ಯೋಳಿ ಸಾ," ಎಂದಳು. "ನಮ್ಮಣ್ಣ ಗೇಟ್ ತಾವ ನಿಂತವ್ನೆ."